ಎಸ್ತೇರಜ್ಜಿಯ ಪಿಸುಮಾತು

ನಮ್ಮ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬವಿದೆ. ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ, ಇಲ್ಲವೆನ್ನಬೇಡಿ. ಅದರಲ್ಲಿ ಬಿಸ್ಕತ್ತು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ: ಅಂಗಿಗಳು ಹರಿದು ಹೋದ ಮೇಲೂ ಬದುಕಿ ಉಳಿದ ಗುಂಡಿಗಳು, ಹುಕ್ಕುಗಳು, ಗಂಟುಗಂಟಾದ ದಾರ, ಯಾವ ಬೀಗದ್ದೆಂದು ಯಾರೂ ಹೇಳಲಾರದ ಒಂದು ಬೀಗದ ಕೈ. ಮೊನ್ನೆ ಕುಪ್ಪಸಕ್ಕೊಂದು ಹುಕ್ಕು ಬೇಕಾಗಿ ಡಬ್ಬ ಬೋರಲು ಹಾಕಿದೆ. ಏನೋ ಒಂದು ಠಣ್ಣೆಂದು ಬಿದ್ದು ಮಂಚದ ಕೆಳಗೆ ಉರುಳಿಹೋಯಿತು. ನನ್ನ ಮಂಡಿಗಳಿಗೂ ನೆಲಕ್ಕೂ ಈಗ ಅಷ್ಟಕ್ಕಷ್ಟೆ. ಆದರೂ ಬಗ್ಗಿ, ಪೊರಕೆಯ ಹಿಡಿಯಿಂದ ಗೋರಿ ಎಳೆದರೆ ಬಂದದ್ದು ಧೂಳು ಮೆತ್ತಿದ ಒಂದು ಅಂಗುಸ್ತಾನ. ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ದರ್ಜಿಗಳು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಆ ಪುಟ್ಟ ಲೋಹದ ಟೊಪ್ಪಿ. ಸೆರಗಿನಿಂದ ಒರೆಸಿ ಬೆರಳಿಗೆ ಹಾಕಿಕೊಂಡು ಕೂತೆ. ಹುಕ್ಕು ಹುಡುಕುವುದು ಮರೆತೇಹೋಯಿತು. ಕುಪ್ಪಸ ಇನ್ನೂ ಹಾಗೇ ಇದೆ.

ಈ ಅಂಗುಸ್ತಾನದ ವಿಷಯ ಹೇಳಬೇಕಾದರೆ ಮೊದಲು ನಮ್ಮ ಅಜ್ಜಿಯ ಕಿವಿಯ ವಿಷಯ ಹೇಳಬೇಕು.

ನಾವಾಗ ಸಿರಾದಲ್ಲಿದ್ದೆವು. ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಅಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರು. ಬೀದಿಗೆಲ್ಲ ನಮ್ಮದೊಂದೇ ಕಿರಿಸ್ತಾನರ ಮನೆ. ಎಡಕ್ಕೆ ಕಡ್ಲೆಕಾಯಿ ಮಂಡಿಯ ಸಿದ್ದಪ್ಪನವರು, ಹಣೆ ತುಂಬ ವಿಭೂತಿ, ಮೈಮೇಲೆ ಬೇಸಿಗೆಯಲ್ಲೂ ಬಿಚ್ಚದ ಕಪ್ಪು ಕೋಟು. ಬಲಕ್ಕೆ ಹಾಲು ಮಾರುವ ಪುಟ್ಟತಾಯಮ್ಮ. ಎದುರಿಗೆ, ಸಿದ್ದಪ್ಪನವರದೇ ಇನ್ನೊಂದು ಮನೆಯ ಜಗಲಿಯ ಮೇಲೆ, ದರ್ಜಿ ಗಫೂರ್ ಸಾಬರ ಹೊಲಿಗೆ ಮೆಷಿನ್ನು. ಹಿಂದಿನ ಕೋಣೆಯಲ್ಲೇ ಅವರ ಸಂಸಾರ. ನಾವು ಮಕ್ಕಳು ಅವರನ್ನು ಚಾಚಾ ಅನ್ನುತ್ತಿದ್ದೆವು.

ನಮ್ಮ ಅಜ್ಜಿಯ ಹೆಸರು ಎಸ್ತೇರಮ್ಮ. ಪಾವಗಡದ ಆಚೆ, ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆಂದು ಅಲ್ಲಿಯವರಿಗೂ ಗೊತ್ತಿಲ್ಲದ ಒಂದು ಹಳ್ಳಿಯವಳು. ಅವಳ ಕಿವಿ ಯಾವಾಗ ಮಂದವಾಯಿತೋ ನಾನು ಕಾಣೆ. ನಾನು ಕಣ್ಣು ಬಿಟ್ಟಾಗಲೇ ಅವಳಿಗೆ ಏನನ್ನಾದರೂ ಹೇಳಬೇಕಾದರೆ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕಾಗಿತ್ತು. ತನ್ನ ಮಾತೂ ತನಗೆ ಕೇಳಿಸದ್ದರಿಂದ ಅವಳು ತುಂಬ ಮೆತ್ತಗೆ ಮಾತಾಡುತ್ತೇನೆಂದು ತಿಳಿದಿದ್ದಳು. ಅವಳ ಆ ಮೆತ್ತಗಿನ ಮಾತಿಗೆ ಪುಟ್ಟತಾಯಮ್ಮನ ಎಮ್ಮೆ ಬೆದರಿ ಹಗ್ಗ ಜಗ್ಗುತ್ತಿತ್ತು.

ಸಂಜೆ ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಮನೆ ಪ್ರಾರ್ಥನೆ. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂರುವುದು, ಅಪ್ಪ ಒಂದು ಅಧ್ಯಾಯ ಓದುವುದು, ಅಮ್ಮ ಒಂದು ಕೀರ್ತನೆ ಎತ್ತುವುದು, ಕೊನೆಗೆ ಹಿರಿಯಳಾದ ಅಜ್ಜಿ ಪ್ರಾರ್ಥನೆ ಮಾಡುವುದು. ಇದು ಎಲ್ಲ ಕಿರಿಸ್ತಾನರ ಮನೆಯಲ್ಲೂ ಇದ್ದದ್ದೇ. ನಮ್ಮನೆಯಲ್ಲಿ ಮಾತ್ರ ಅಜ್ಜಿ ಮಾಡಿಟ್ಟ ಒಂದು ಕಟ್ಟಳೆಯಿತ್ತು. ಪ್ರತಿಯೊಬ್ಬರೂ ಆ ದಿನ ಕಣ್ಣಿಗೆ ಬಿದ್ದ ಒಬ್ಬರನ್ನು ಪ್ರಾರ್ಥನೆಗೆ 'ತರಬೇಕು'. ಯಾರನ್ನು ನೋಡಿದೆ, ಅವರ ಮುಖ ಹೇಗಿತ್ತು, ಅವರಿಗೇನು ಬೇಕಾಗಿತ್ತು ಎಂದು ಅಜ್ಜಿಯ ಕಿವಿಯಲ್ಲಿ ಕೂಗಬೇಕು. ಅವಳು ಅದನ್ನೆಲ್ಲ ಸೇರಿಸಿಕೊಂಡು ದೇವರಿಗೆ ದಾಟಿಸುತ್ತಿದ್ದಳು. ಮುದ್ದೆ ಒಲೆಯ ಪಕ್ಕದಲ್ಲಿ ಆರುತ್ತ ಕೂತಿರುತ್ತಿತ್ತು. ಅಮ್ಮ ಮೊಳಕೆ ಹುರುಳಿಯ ಸಾರು ಮಾಡಿದ ದಿನವಂತೂ ನಾನು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದದ್ದು ಒಂದೇ, ಅಜ್ಜಿ ಬೇಗ ಆಮೆನ್ ಅನ್ನಲಿ ಎಂದು.

ನನಗೆ ಜನರನ್ನು ನೋಡಿ ನೆನಪಿಟ್ಟುಕೊಳ್ಳಲು ಸೋಮಾರಿತನ. ಕೋಟೆಯ ಬಾಗಿಲಲ್ಲಿ ಒಂದು ಕುಂಟು ಕತ್ತೆ ಸದಾ ನಿಂತಿರುತ್ತಿತ್ತು. ಸ್ಕೂಲಿಂದ ಬರುವಾಗ ಅದು ತಪ್ಪದೆ ಸಿಗುತ್ತಿದ್ದರಿಂದ ದಿನಾ ಅದನ್ನೇ ತರುತ್ತಿದ್ದೆ. ಅಜ್ಜಿ ಸುಮಾರು ದಿನ ಕತ್ತೆಗಾಗಿಯೇ ಪ್ರಾರ್ಥಿಸಿ ಕಡೆಗೆ ಕೇಳಿದಳು:

"ಲೇ ರೂತೂ, ಕತ್ತೆ ಕಾಲು ಸರಿಮಾಡು ಅಂತ ದೇವ್ರಿಗೆ ಹೇಳಿವ್ನಿ. ಆ ಕತ್ತೆ ಬೆನ್ನಿಂದೆ ಒಬ್ಬ ಅಗಸರವ್ನು ಇರ್ತಾನಲ್ಲ, ಅವ್ನ ಮಕ ನೋಡಿದ್ಯೇನೇ?"

ನೋಡಿರಲಿಲ್ಲ. ಮರುದಿನ ನೋಡಿದೆ. ಅವನ ಒಂದು ಕಣ್ಣಿಗೆ ಪೊರೆ ಬಂದಿತ್ತು. ಅಷ್ಟು ದಿನ ಅವನ ಕತ್ತೆಯನ್ನು ಎಷ್ಟು ಕರುಣೆಯಿಂದ ನೋಡಿದ್ದೆನೆಂದರೆ ಅವನು ಕಣ್ಣಿಗೇ ಬಿದ್ದಿರಲಿಲ್ಲ.

ಅಜ್ಜಿಯ ಈ ಹುಚ್ಚಿಗೆ ಒಂದು ಕಾರಣವಿತ್ತು. ಅವಳಿಗೊಬ್ಬ ಅಣ್ಣನಿದ್ದ. ಅವಳು ಚಿಕ್ಕವಳಿದ್ದಾಗ ಅವನಿಗೆ 'ದೊಡ್ರೋಗ' ಬಂತು. ಕುಷ್ಠ ಎಂಬ ಮಾತನ್ನು ಬಾಯಲ್ಲಿ ಆಡಿದರೂ ಅಂಟುತ್ತದೆಂದು ಹಾಗೆ ಹೇಳುತ್ತಿದ್ದ ಕಾಲ. ಊರಾಚೆ ಹುಣಸೆಮರದ ಹತ್ತಿರ ಗುಡಿಸಲು ಹಾಕಿ ಅವನನ್ನು ಅಲ್ಲಿಟ್ಟರು. ಮುದ್ದೆ ಒಯ್ದು ಕಲ್ಲಿನ ಮೇಲಿಟ್ಟು, ಹಿಂತಿರುಗಿ ನೋಡದೆ ಓಡಿಬರುವುದು ಅಜ್ಜಿಯ ಕೆಲಸ. "ಅಣ್ಣ ಬೆರಳು ಹೋಗಿದ್ದಕ್ಕೆ ಅಳ್ಲಿಲ್ಲ ಕಣೇ, ಯಾರೂ ಮಕ ನೋಡಲ್ವಲ್ಲ ಅಂತ ಅತ್ತ," ಎಂದು ಅವಳು ಹೇಳುತ್ತಿದ್ದಳು. ಹೀಗಿರುವಾಗ ಮಿಷನ್ನಿನ ಆಸ್ಪತ್ರೆಯ ಒಬ್ಬ ದೊರೆಸಾನಿ ಗಾಡಿ ಕಟ್ಟಿಸಿಕೊಂಡು ಬಂದು, ಗುಡಿಸಲಿಗೆ ಬಗ್ಗಿ ನುಗ್ಗಿ, ಅವನ ಮುಖ ನೋಡಿಕೊಂಡು ಹೆಸರು ಕೇಳಿದಳಂತೆ. ಅಜ್ಜಿಯ ಕ್ರಿಸ್ತ ಭಕ್ತಿ ಹುಟ್ಟಿದ್ದು ಅಲ್ಲಿ. ಯಾವ ಬೋಧನೆಯೂ ಅಲ್ಲ, ಆ ಒಂದು ನೋಟ. ಅಣ್ಣ ಬಹಳ ಕಾಲ ಉಳಿಯಲಿಲ್ಲ. ಅಜ್ಜಿಯನ್ನು ದೊರೆಸಾನಿಯೇ ಕರೆದೊಯ್ದು ಓದು ಕಲಿಸಿದಳು, ಹೊಲಿಗೆ ಕಲಿಸಿದಳು, ಅಜ್ಜಿ ಅಲ್ಲಿಂದ ಹೊರಡುವಾಗ ಒಂದು ಅಂಗುಸ್ತಾನವನ್ನೂ ಕೊಟ್ಟಳು. ಡಬ್ಬದಿಂದ ಉರುಳಿದ್ದು ಅದೇ.

ಯೇಸುಸ್ವಾಮಿ ಮಾಡಿದ ಅದ್ಭುತಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಪಾದ್ರಿಗಳು ಒಮ್ಮೆ ಮಕ್ಕಳನ್ನು ಕೇಳಿದಾಗ, ಹಿಂದೆ ಕೂತಿದ್ದ ಅಜ್ಜಿ ತನ್ನಷ್ಟಕ್ಕೆ ತಾನು ಪಿಸುಗುಟ್ಟಿದಳು: "ಯಾರೂ ನೋಡ್ದಿದ್ದೋರ್ನ ನೋಡಿದ್ದು." ಇಡೀ ಚರ್ಚಿಗೆ ಕೇಳಿಸಿತು. ಪಾದ್ರಿಗಳು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟರು.

ಇನ್ನು ಅವಳ ಪ್ರಾರ್ಥನೆ. ಅದು ದೇವರಿಗೂ ಅವಳಿಗೂ ನಡುವಿನ ಪಿಸುಮಾತು ಎಂದು ಅವಳು ನಂಬಿದ್ದಳು. ನಮ್ಮ ಬೀದಿಗೆ ಅದು ಸಂಜೆಯ ರೇಡಿಯೋ. ದೀಪ ಹಚ್ಚುವ ಹೊತ್ತಿಗೆ ಅಕ್ಕಪಕ್ಕದವರು ಜಗಲಿಗೆ ಬಂದು ಎಲೆಯಡಿಕೆ ಬಿಚ್ಚಿಕೊಂಡು ಕೂರುತ್ತಿದ್ದರು. ಸಿದ್ದಪ್ಪನವರ ಮಂಡಿನೋವು, ಅವರ ಮಗಳ ಬಸುರು, ಯಾರದೋ ಮಗಳನ್ನು ನೋಡಲು ಬರಗೂರಿನಿಂದ ಬರಬೇಕಾಗಿದ್ದ ಗಂಡು, ಎಲ್ಲ ಅದರಲ್ಲಿ ಬರುತ್ತಿತ್ತು. ದೇವರನ್ನು ಅವಳು ತನ್ನೂರಿನ ತೆಲುಗಿನಲ್ಲಿ ತಂಡ್ರಿ, ಅಂದರೆ ತಂದೆ, ಎಂದೇ ಕರೆಯುತ್ತಿದ್ದಳು. "ಓ ತಂಡ್ರೀ, ಪುಟ್ಟತಾಯಿ ಹಾಲ್ಗೆ ನೀರು ಹಾಕ್ತಾಳೆ. ಆಸೆಗಲ್ಲ, ಎಮ್ಮೆ ಹಾಲು ಕಮ್ಮಿ ಮಾಡೈತೆ. ಎಮ್ಮೆಗೆ ಹಾಲು ಕೊಡು, ಅವಳಿಗೆ ಬುದ್ಧಿ ಕೊಡು," ಎಂದ ದಿನ ಪುಟ್ಟತಾಯಮ್ಮನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಮರುದಿನ ಅಮ್ಮನ ಹತ್ತಿರ ಬಂದು, "ನಮ್ಮೆಮ್ಮೆ ವಿಷ್ಯ ನಾಳೀಕೂ ಒಂದ್ಮಾತು ಹೇಳ್ಸಿ ಕಣಮ್ಮ," ಎಂದಳು. ಹಾಲು ಮಾತ್ರ ಇನ್ನಷ್ಟು ತೆಳ್ಳಗಾಯಿತು. ನಿನ್ನ ಪ್ರಾರ್ಥನೆ ಹೊರಗೆ ಕೇಳಿಸುತ್ತದೆ ಎಂದು ಅಜ್ಜಿಗೆ ಯಾರೂ ಹೇಳಲಿಲ್ಲ. ನಾವು ಹೇಳಲಿಲ್ಲ, ಬೀದಿಯೂ ಹೇಳಲಿಲ್ಲ. ತಮ್ಮ ಹೆಸರು ದೇವರ ಮುಂದೆ ಬರುವುದು ಯಾರಿಗೆ ತಾನೆ ಬೇಡ.

ಗಫೂರ್ ಚಾಚಾ ಅಜ್ಜಿಗೆ ತದ್ವಿರುದ್ಧ. ಅವರ ಮಾತು ಹತ್ತಿರ ಕೂತವರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹೀಗಾಗಿ ಅವರು ಮಾತಾಡಿದ್ದನ್ನು ಅಜ್ಜಿ ಒಂದು ದಿನವೂ ಕೇಳಿದವಳಲ್ಲ. ಆದರೂ ಮಧ್ಯಾಹ್ನ ಅವರ ಜಗಲಿಗೆ ಹೋಗಿ ಮೆಷಿನ್ನಿನ ಪಕ್ಕ ಕೂತು, ಅವರ ಕೈಕೆಲಸ ನೋಡುತ್ತ, ತಾನೂ ಹೊಲಿಗೆ ಬಲ್ಲವಳೆಂಬ ಗತ್ತಿನಲ್ಲಿ ಆಗಾಗ ಸಲಹೆ ಕೊಡುತ್ತಿದ್ದಳು. ಅವರು ನಕ್ಕು ತಲೆಯಾಡಿಸಿ ತಮಗೆ ತೋಚಿದಂತೆ ಹೊಲಿಯುತ್ತಿದ್ದರು. ಕ್ರಿಸ್ಮಸ್ ಬಂದರೆ ಚಾಚಾಗೆ ನಮ್ಮನೆಯದೇ ದೊಡ್ಡ ಕೆಲಸ. ಅಪ್ಪ ಒಂದೇ ಬಟ್ಟೆಯ ಇಡೀ ತಾನು ತರುತ್ತಿದ್ದರು. ನನಗೂ ತಂಗಿಗೂ ಅದರದೇ ಲಂಗ, ಅಪ್ಪನಿಗೆ ಅದರದೇ ಅಂಗಿ, ಮಿಕ್ಕಿದ್ದರಲ್ಲಿ ಕಿಟಕಿಗೆ ಪರದೆ, ದಿಂಬಿಗೆ ಕವಚ. ಹಬ್ಬದ ದಿನ ನಾನು ಪರದೆಯ ಪಕ್ಕ ನಿಂತರೆ ಕಾಣಿಸುತ್ತಲೇ ಇರಲಿಲ್ಲ.

ಆ ವರ್ಷ ಡಿಸೆಂಬರಿಗೆ ಮೊದಲು ಅಜ್ಜಿ ತನ್ನ ಬಿಳಿ ಕುಪ್ಪಸವೊಂದನ್ನು ಚಾಚಾ ಕೈಗೆ ಕೊಟ್ಟು ಎದುರಿಗೇ ಕೂತಿದ್ದಳು. ನಾನೂ ಪಕ್ಕದಲ್ಲಿ ಚಿಂದಿ ಆರಿಸುತ್ತಿದ್ದೆ. ಮೆಷಿನ್ನು ಓಡುತ್ತಿತ್ತು. ಇದ್ದಕ್ಕಿದ್ದಂತೆ ಬಿಳಿ ಬಟ್ಟೆಯ ಮೇಲೆ ಕೆಂಪಗೆ ಹರಡಿತು. ಚಾಚಾ ಕಾಲು ನಿಲ್ಲಿಸಿದರು. ಬಟ್ಟೆ ಎತ್ತಿ ನೋಡಿದರು, ಮೆಷಿನ್ನಿನ ಕೆಳಗೆ ನೋಡಿದರು. ರಕ್ತ ಎಲ್ಲಿಂದ ಬಂತೆಂದು ಹುಡುಕುತ್ತಿದ್ದರು. ಮೆಷಿನ್ನಿನ ಸೂಜಿ ಅವರ ಎಡಗೈಯ ತೋರುಬೆರಳಿನೊಳಗೇ ಇತ್ತು.

ಅಜ್ಜಿ ಅವರ ಕೈ ಹಿಡಿದು, ಚಕ್ರ ತಿರುಗಿಸಿ, ಸೂಜಿ ಬಿಡಿಸಿದಳು. ತನ್ನ ಸೆರಗಿನಿಂದ ಬೆರಳು ಸುತ್ತಿದಳು. ಆಮೇಲೆ ಅವರ ಮುಖವನ್ನು ನೋಡುತ್ತ ಬಹಳ ಹೊತ್ತು ಕೂತಳು. ಅವಳ ಕಣ್ಣಲ್ಲಿ ನೀರು ನೋಡಿ ನನಗೆ ಹೆದರಿಕೆಯಾಯಿತು.

ಸಂಜೆ ಅಪ್ಪ ಬಂದ ಕೂಡಲೇ ಹಿತ್ತಲ ತುದಿಗೆ ಕರೆದೊಯ್ದು ವಿಷಯ ತಿಳಿಸಿದಳು. ಅಪ್ಪ ಚಾಚಾರನ್ನು ಒಳಗೆ ಕರೆದು ಬೆನ್ನು ನೋಡಿದರು. ಭುಜದ ಕೆಳಗೆ ಒಂದು ಪೇಲವ ಮಚ್ಚೆಯಿತ್ತು. ಆ ಗಡಿಬಿಡಿಯಲ್ಲಿ ಅಂದು ಪ್ರಾರ್ಥನೆ ನಡೆಯಲಿಲ್ಲ. ದಾರ ತರುವ ನೆಪದಲ್ಲಿ ಬೆಳಗಿನ ಮೊದಲ ಬಸ್ಸಿಗೆ ಅವರನ್ನು ತುಮಕೂರು ಕಡೆಯ ಮಿಷನ್ ಆಸ್ಪತ್ರೆಗೆ ಕರೆದೊಯ್ದು ತಂದರು. ಡಾಕ್ಟರು ಬಿಳಿ ಮಾತ್ರೆ ಕೊಟ್ಟಿದ್ದರು. ಬೇಗ ಗೊತ್ತಾಗಿದೆ, ಇದು ಇನ್ನೊಬ್ಬರಿಗೆ ಅಂಟುವ ಬಗೆಯದಲ್ಲ, ಮಾತ್ರೆ ನಿಲ್ಲಿಸದಿದ್ದರೆ ವಾಸಿಯಾಗುತ್ತದೆ ಎಂದಿದ್ದರು. ಅಪ್ಪ ನಮ್ಮನ್ನೆಲ್ಲ ಕೂರಿಸಿಕೊಂಡು, ಈ ಮಾತು ಹೊಸಲು ದಾಟಿದರೆ ಗಫೂರ್ ಸಾಬರ ಹೊಟ್ಟೆಪಾಡು ಮುಗಿದಂತೆ ಎಂದು ಕೈಮೇಲೆ ಕೈಯಿಡಿಸಿ ಆಣೆ ತೆಗೆದುಕೊಂಡರು. ಅಜ್ಜಿಯ ಕಿವಿಗೂ ಎರಡು ಕೈ ಗೋಡೆ ಮಾಡಿ ಹೇಳಿದರು.

"ಒಂದು ನರಪಿಳ್ಳೆಗೂ ಹೇಳಕಿಲ್ಲ, ಬುಡು," ಎಂದಳು ಅಜ್ಜಿ.

ಕೊಟ್ಟ ಮಾತಿನಂತೆ ಅವಳು ಒಂದು ನರಪಿಳ್ಳೆಗೂ ಹೇಳಲಿಲ್ಲ. ದೇವರು ನರಪಿಳ್ಳೆಯಲ್ಲವಲ್ಲ. ಅಂದಿನ ಸಂಜೆ ಪ್ರಾರ್ಥನೆಗೆ ಮಂಡಿಯೂರಿದವಳು ಶುರುಮಾಡಿಯೇಬಿಟ್ಟಳು:

"ಓ ತಂಡ್ರೀ, ನಮ್ಮ ಗಫೂರುನ್ನ ನೋಡು. ಎಡಗೈ ಬೆರಳಿಗೆ ಸೂಜಿ ಚುಚ್ಚಿದ್ರೂ ಗೊತ್ತಾಗ್ತಿಲ್ಲ. ನಮ್ಮಣ್ಣಂಗೆ ಬಂದ ರೋಗವೇ ಅವ್ನಿಗೂ ಬಂದ್ಬುಟ್ಟೈತೆ. ನಮ್ಮಣ್ಣನ ತಾವ ಬರಾಕೆ ತಡ ಮಾಡ್ದೆ, ಇವ್ನ ತಾವ ಬಿರ್ನೆ ಬಾ."

ಅಪ್ಪ ಗಾಬರಿಯಿಂದ ಅವಳ ಮೊಣಕಾಲು ಅಲುಗಿಸಿದರು. ಮಗನಿಗೂ ದುಃಖ ಒತ್ತರಿಸಿ ಬಂತೆಂದು ಭಾವಿಸಿ ಅಜ್ಜಿ ಕಣ್ಣು ಮುಚ್ಚಿಕೊಂಡೇ ಅವರ ತಲೆ ಸವರಿ ಮುಂದುವರಿಸಿದಳು:

"ಯಾರ್ಗೂ ಗೊತ್ತಾಗ್ದಂಗೆ ವಾಸಿ ಮಾಡು, ನಾಯನಾ. ಯಾರ್ಗೂ ಗೊತ್ತಾಗ್ಬಾರ್ದು."

ಹೊರಗೆ ಜಗಲಿಗಳ ಮೇಲೆ ಅಡಕೆ ಕತ್ತರಿಸುವ ಸದ್ದು ನಿಂತಿತ್ತು.

ಮರುದಿನ ಬೆಳಿಗ್ಗೆಯಿಂದಲೇ ಒಬ್ಬೊಬ್ಬರಾಗಿ ಬಂದು ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ವಾಪಸು ಕೇಳಿದರು. ಒಬ್ಬರಿಗೆ ಮದುವೆ ಮುಂದಕ್ಕೆ ಹೋಗಿತ್ತು, ಇನ್ನೊಬ್ಬರಿಗೆ ಬಣ್ಣ ಹಿಡಿಸಿರಲಿಲ್ಲ. ಯಾರೂ ಚಾಚಾ ಮುಖ ನೋಡಿ ಮಾತಾಡಲಿಲ್ಲ, ಗಂಟನ್ನು ಅವರ ಕೈಯಿಂದ ತೆಗೆದುಕೊಳ್ಳದೆ ಜಗಲಿಯ ಮೇಲಿಡಿ ಎಂದರು. ಸಿದ್ದಪ್ಪನವರು ಬೀದಿಯಲ್ಲೇ ನಿಂತು, "ಸಂಕ್ರಾಂತಿ ಕಳೀತಿದ್ದಂಗೆ ಜಾಗ ಬುಟ್ಬುಡಪ್ಪ ಗಫೂರು. ನಮ್ಮನೇಲಿ ಎಳೆಕೂಸೈತೆ," ಎಂದು ನೆಲ ನೋಡುತ್ತ ಹೇಳಿ ಹೋದರು. ಮಧ್ಯಾಹ್ನದ ಹೊತ್ತಿಗೆ ಮೆಷಿನ್ನಿನ ಸದ್ದಿಲ್ಲದೆ ಬೀದಿ ಬಿಕೋ ಅನ್ನತೊಡಗಿತು. ಆ ಸದ್ದು ಇತ್ತೆಂಬುದೇ ನಮಗೆ ಗೊತ್ತಾದದ್ದು ಅದು ನಿಂತ ಮೇಲೆ.

ಅಜ್ಜಿಗೆ ಮಾತ್ರ ಒಂದೂ ಅರ್ಥವಾಗಲಿಲ್ಲ. ಯಾವ ಹಲ್ಕಾ ನನ್ಮಗ ಬಾಯಿ ಬಿಟ್ಟ ಎಂದು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಣೆ ಮಾಡಿದಳು. ನನ್ನ ಕಿವಿ ಹಿಂಡಿದಳು. ಕೊನೆಗೆ ಅಪ್ಪ ತಡೆಯಲಾರದೆ ಅವಳ ಪಕ್ಕ ಕೂತು, ಕಿವಿಗೆ ಬಾಯಿಟ್ಟು, "ಅವ್ವಾ, ನೀನೇ ಹೇಳಿದ್ದು. ಪ್ರಾರ್ಥನೇಲಿ," ಎಂದರು.

"ನಾನು ದೇವ್ರ ತಾವ ಹೇಳ್ದೆ."

"ಬೀದಿಗೂ ಕೇಳಿಸ್ತು."

"ಪಿಸುಮಾತಲ್ಲಿ ಹೇಳಿದ್ನಲ್ಲೋ."

ಅಪ್ಪ ತಲೆಯಲ್ಲಾಡಿಸಿದರು. ಅಜ್ಜಿ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ನೆನ್ನೇದೊಂದು ದಿನವಾ?"

"ಎಲ್ಲಾ ದಿನಾನೂ ಅವ್ವಾ."

"ಪುಟ್ಟತಾಯಿ ಹಾಲ್ನ ವಿಷ್ಯಾನೂವಾ?"

"ಅದೂ ಕೇಳಿಸೈತೆ."

ಅಷ್ಟು ವರ್ಷದ ಸಂಜೆಗಳೆಲ್ಲ ಅವಳ ಮುಂದೆ ಒಂದೊಂದಾಗಿ ಬಂದಿರಬೇಕು. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡೇ ಎದ್ದು, ನನ್ನ ಕೈ ಹಿಡಿದುಕೊಂಡು ಬೀದಿ ದಾಟಿ ಚಾಚಾ ಜಗಲಿಯ ಮುಂದೆ ನಿಂತಳು. ಅವರ ಹೆಂಡತಿ, ನಮ್ಮ ಚಾಚಿ, ಅಜ್ಜಿಯನ್ನು ಕಂಡದ್ದೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಜ್ಜಿ ಕೈ ಮುಗಿದಳು.  ಚಾಚಾ ತಮ್ಮ ಎಂದಿನ ಮೆಲುದನಿಯಲ್ಲಿ ಏನೋ ಹೇಳಿದರು.

ಅಜ್ಜಿಗೆ ಕೇಳಿಸಲಿಲ್ಲ. "ಏನಂದ್ನೇ ರೂತೂ?" ಎಂದು ನನ್ನ ಕಡೆ ಬಗ್ಗಿದಳು.

ನಾನು ಅವಳ ಸೆರಗು ಹಿಡಿದು ಮನೆಯ ಕಡೆ ಎಳೆದೆ. ಅವಳು ಭುಜ ಹಿಡಿದು ಮತ್ತೆ ಕೇಳಿದಳು. ಬೇರೆ ದಾರಿಯಿಲ್ಲದೆ ಅವಳ ಕಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವಂತೆ, ಚಾಚಾ ಅಂದದ್ದನ್ನೇ ಕೂಗಿದೆ:

"ಬೀಮಾರಿ ಆ ಅಲ್ಲಾನೇ ಕೊಟ್ಟಿದ್ದು ಅಜ್ಜಿ, ಅದನ್ನ ತಡ್ಕೊತೀನಿ. ಈ ಮರ್ಯಾದೆ ಹೋಗಿದ್ದು ನಿಮ್ ಕಡೆಯಿಂದ ಬಂತು. ಇದನ್ನ ಹೆಂಗೆ ತಡ್ಕೊಳ್ಳಿ?"

ಅಜ್ಜಿ ಮುಗಿದ ಕೈ ಬಿಡಿಸಿ, ನನ್ನನ್ನು ಕರೆದುಕೊಂಡು ಬೀದಿ ದಾಟಿ ಮನೆಗೆ ಬಂದಳು. 

ಅಂದು ಸಂಜೆ ಅವಳು ತುಟಿ ಮಾತ್ರ ಅಲ್ಲಾಡಿಸಿ ಪ್ರಾರ್ಥನೆ ಮುಗಿಸಿದಳು. ಮರುದಿನವೂ ಹಾಗೇ. ಮುದ್ದೆ ಬಿಸಿಬಿಸಿಯಾಗಿ ತಟ್ಟೆಗೆ ಬಂತು, ನನ್ನ ಬಹುಕಾಲದ ಆಸೆ ಈಡೇರಿತ್ತು, ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಹೊರಗೆ ಜಗಲಿಗಳಲ್ಲಿ ಜನ ಕೂತಿದ್ದು, ಏನೂ ಕೇಳಿಸದೆ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ಎದ್ದು ಹೋದರು.

ಅಷ್ಟರಲ್ಲಿ ಕ್ರಿಸ್ಮಸ್ ಹತ್ತಿರ ಬಂತು. ಅಪ್ಪ ನೀಲಿ ಹೂವಿನ ತಾನು ತಂದರು. ಅಮ್ಮ ಅದನ್ನು ಪೆಟ್ಟಿಗೆಯಲ್ಲಿಟ್ಟು, ಈ ಸಲ ನಾನೇ ಕೈಯಲ್ಲಿ ಹೊಲಿಯುತ್ತೇನೆ ಎಂದಳು. ಅಮ್ಮ ಕೆಟ್ಟವಳಲ್ಲ. ಎದುರುಮನೆಗೆ ಎರಡು ಹೊತ್ತೂ ಸಾರು ಕಳಿಸುತ್ತಿದ್ದವಳು ಅವಳೇ. ಆದರೆ ಅಲ್ಲಿಂದ ಬಟ್ಟೆ ಬಂದು ತನ್ನ ಮಕ್ಕಳ ಮೈಗೆ ತಾಗುವುದನ್ನು ನೆನೆದರೆ ಅವಳ ಕೈ ತಣ್ಣಗಾಗುತ್ತಿತ್ತು. "ಡಾಕ್ಟ್ರು ಅಂಟಲ್ಲ ಅಂದ್ರು ಅಂತ ನಂಗೂ ಗೊತ್ತು ಕಣ್ರೀ. ಬುದ್ಧಿಗೆ ಗೊತ್ತು, ಕೈಗೆ ಗೊತ್ತಾಗ್ತಿಲ್ಲ," ಎಂದು ಅಪ್ಪನ ಮುಂದೆ ಅತ್ತಳು. ಅಜ್ಜಿ ಮೂಲೆಯಲ್ಲಿ ಕೂತು ಪೆಟ್ಟಿಗೆಯನ್ನೂ ಸೊಸೆಯ ಕೈಯನ್ನೂ ನೋಡುತ್ತಿದ್ದಳು. ಮಾತು ಕೇಳಿಸದವರಿಗೆ ಇಂಥದೆಲ್ಲ ಬೇಗ ತಿಳಿಯುತ್ತದೆ.

ಅಂದು ಸಂಜೆ ಅಧ್ಯಾಯ ಓದಿ, ಕೀರ್ತನೆ ಹಾಡಿ ಆದ ಮೇಲೆ ಅಜ್ಜಿ ಎದ್ದಳು. ಬೀದಿ ಬಾಗಿಲನ್ನು ಎರಡೂ ಕದ ತೆರೆದಿಟ್ಟಳು. ಕಿಟಕಿಯನ್ನೂ ತೆರೆದಳು.

ಅಪ್ಪನಿಗೆ ಅರ್ಥವಾಯಿತು. "ಅವ್ವಾ, ಬ್ಯಾಡ. ಇಂಗೆ ಮಾಡಿದ್ರೆ ಅದು ಪ್ರಾರ್ಥನೆ ಆಗಲ್ಲ, ಟಾಂಟಾಂ ಆಯ್ತದೆ," ಎಂದು ಕೂಗಿದರು.

ಅಜ್ಜಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಕೇಳುವವಳಲ್ಲ. ಮಂಡಿಯೂರಿ ಕಣ್ಣು ಮುಚ್ಚಿದಳು.

"ಓ ತಂಡ್ರೀ, ನನ್ನ ಪಿಸುಮಾತು ಬೀದಿಗೆಲ್ಲ ಕೇಳಿಸ್ತದಂತೆ, ನೀನೂ ಹೇಳ್ಲಿಲ್ಲ. ಇರ್ಲಿ. ಗಫೂರುಂದು ಅಂಟೋ ರೋಗ ಅಲ್ಲ, ಮಾತ್ರೆ ನುಂಗ್ತವ್ನೆ, ವಾಸಿ ಆಯ್ತನೆ ಅಂತ ಡಾಕ್ಟ್ರು ಹೇಳವ್ರೆ, ನಿಂಗೆ ಗೊತ್ತೈತೆ. ಗೊತ್ತಿಲ್ದೋರ್ಗೂ ಗೊತ್ತಾಗ್ಲಿ. ಅವ್ನ ಬೆರಳಿಗೆ ಮಾತ್ರೆ ಐತೆ. ನಮ್ಮ ಹೆದ್ರಿಕೆಗೆ ಆಸ್ಪತ್ರೇಲಿ ಮಾತ್ರೆ ಇಲ್ಲ, ನೀನೇ ಕೊಡ್ಬೇಕು. ಮೊದ್ಲು ನಮ್ಮನೆಗೆ ಕೊಡು. ನನ್ನ ಸೊಸೆ ಒಳ್ಳೇವ್ಳು, ಮಕ್ಕಳ ಮೇಲಿನ ಆಸೆಗೆ ಹೆದ್ರವ್ಳೆ. ಬಟ್ಟೆ ತಾನು ಪೆಟ್ಟಿಗೇಲಿ ಮಡಗವ್ಳೆ. ಆ ಪೆಟ್ಟಿಗೆ ತೆಗ್ಯೋ ಸಕ್ತಿ ಅವಳ ಕೈಗೆ ಕೊಡು."

ಅಮ್ಮನ ಮುಖ ಕೆಂಪಗಾಯಿತು. ಹೊರಗೆ ಯಾರೋ ಕೆಮ್ಮಿದರು.

"ಸಿದ್ದಪ್ಪನೂ ಕೆಟ್ಟೋನಲ್ಲ, ತಂಡ್ರೀ. ಮೊಮ್ಮಗು ಎಳೇದು, ಅದುಕ್ಕೆ ಹೆದ್ರವ್ನೆ. ಅವ್ನ ಕೋಟಿನ ತೋಳು ಕಂಕುಳ ತಾವ ಕಿತ್ತೋಗೈತೆ. ದೊಡ್ಡ ಮನುಷ್ಯ, ಕೈಯೆತ್ತಿ ನಮಸ್ಕಾರ ಮಾಡಾಕೂ ನಾಚ್ಕೋತಾನೆ. ಧೈರ್ಯ ಕೊಡು ಅವ್ನಿಗೆ. ಪುಟ್ಟತಾಯಿ ಕುಪ್ಪಸಕ್ಕೆ ಪಿನ್ನು ಚುಚ್ಕೊಂಡು ಓಡಾಡ್ತವ್ಳೆ. ಅವಳ್ಗೂ ಕೊಡು."

ಹೀಗೆ ಒಂದೊಂದೇ ಮನೆ. ಯಾರ ಪಂಚೆ ಎಲ್ಲಿ ಹರಿದಿದೆ, ಯಾರ ಮಗುವಿನ ಅಂಗಿಗೆ ಗುಂಡಿಯಿಲ್ಲ, ಎಲ್ಲವನ್ನೂ ಅವಳು ಆ ಮೌನದ ದಿನಗಳಲ್ಲಿ ನೋಡಿ ಇಟ್ಟುಕೊಂಡಿದ್ದಳು. ಒಬ್ಬರನ್ನೂ ಬೈಯಲಿಲ್ಲ. ಬೈದಿದ್ದರೆ ಬೀದಿ ಎದ್ದು ಜಗಳಕ್ಕೆ ಬರುತ್ತಿತ್ತು. ಹೆದರಿದವರನ್ನೂ ಅವಳು ಗಫೂರ್ ಚಾಚಾರನ್ನು ನೋಡಿದ ಕಣ್ಣಿನಿಂದಲೇ ನೋಡುತ್ತಿದ್ದಳು, ಎಲ್ಲರೂ ಅವಳಿಗೆ ರೋಗಿಗಳೇ. ಕರುಣೆಗೆ ಎದುರು ನಿಂತು ಜಗಳವಾಡಲು ಯಾರಿಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಪೆಟ್ಟಿಗೆ ತೆರೆದಳು. ನೀಲಿ ಹೂವಿನ ತಾನನ್ನು ಕಂಕುಳಲ್ಲಿ ಇಟ್ಟುಕೊಂಡು, ನಮ್ಮಿಬ್ಬರನ್ನೂ ಮುಂದೆ ಬಿಟ್ಟುಕೊಂಡು, ಎಲ್ಲರೂ ನೋಡುತ್ತಿದ್ದಂತೆ ಬೀದಿ ದಾಟಿದಳು. ಅವಳ ತುಟಿ ಬಿಗಿದಿತ್ತು. "ಗಫೂರಣ್ಣಾ, ಇವರಿಬ್ರೂ ಉದ್ದ ಬೆಳ್ದವ್ರೆ, ಅಳತೆ ಹೊಸದಾಗಿ ತಗೊಳ್ಳಿ," ಎಂದಳು. ಚಾಚಾ ಟೇಪು ಹಿಡಿದು ನನ್ನ ಭುಜ ಮುಟ್ಟುವ ಮೊದಲು ಅಮ್ಮನ ಮುಖ ನೋಡಿದರು. ಅಮ್ಮ ಕಣ್ಣು ತಿರುಗಿಸಲಿಲ್ಲ. ಅಮ್ಮ ಆಮೇಲೆ ಎಷ್ಟೋ ಒಳ್ಳೆಯ ಕೆಲಸ ಮಾಡಿದಳು. ನನಗೆ ಅವಳೆಂದರೆ ಇಂದಿಗೂ ಆ ಬೆಳಿಗ್ಗೆಯೇ ಕಣ್ಣಿಗೆ ಕಟ್ಟುತ್ತದೆ.

ಹಿಂದೆಯೇ ಬಂದ ಅಜ್ಜಿ ಸೆರಗಿನ ಗಂಟು ಬಿಚ್ಚಿ ದೊರೆಸಾನಿಯ ಅಂಗುಸ್ತಾನ ತೆಗೆದಳು. ಚಾಚಾ ಅವರ ಎಡಗೈ ಹಿಡಿದು, ಸ್ಪರ್ಶವಿಲ್ಲದ ಆ ಬೆರಳಿಗೆ ತಾನೇ ತೊಡಿಸಿದಳು. "ಬೆರಳಿಗೆ ಗೊತ್ತಾಗ್ದಿದ್ರೆ ಇದುಕ್ಕೆ ಗೊತ್ತಾಯ್ತದೆ," ಎಂದಳು. ದರ್ಜಿಗಳು ಬಲಗೈಗೆ ಒಂದು ಅಂಗುಸ್ತಾನ ಹಾಕಿಕೊಳ್ಳುವುದು ವಾಡಿಕೆ, ಎಡಗೈಗೆ ಯಾರೂ ಹಾಕಿಕೊಳ್ಳುವುದಿಲ್ಲ. ಚಾಚಾ ಅದನ್ನು ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಷಿನ್ನು ಓಡತೊಡಗಿತು, ಅದರ ಜೊತೆಗೆ ಆಗಾಗ ಸೂಜಿ ಲೋಹಕ್ಕೆ ತಗುಲಿ ಟಿಕ್ ಎಂಬ ಹೊಸ ಸದ್ದು.

ಸಿದ್ದಪ್ಪನವರು ಕೆಲವು ದಿನ ಕೈ ಕೆಳಗಿಳಿಸಿಕೊಂಡೇ ಓಡಾಡಿದರು. ಪ್ರತಿ ಸಂಜೆ ಅವರ ಕೋಟು ದೇವರ ಮುಂದೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಕೋಟು ಬಿಚ್ಚಿ ಕೈಯಲ್ಲಿ ಹಿಡಿದು ಚಾಚಾ ಜಗಲಿಗೆ ಬಂದರು. "ಆವಮ್ಮ ದಿನಾ ದೇವ್ರ ಮುಂದೆ ನನ್ ಕಂಕುಳು ತೋರಿಸ್ತವ್ಳೆ. ಹೊಲ್ದು ಕೊಡಪ್ಪ, ನಂಗೂ ಮಾನ ಐತೆ," ಎಂದರು. ಜಗಲಿ ಬಿಡುವ ಮಾತು ಸಂಕ್ರಾಂತಿಗೂ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಬೀದಿಯವರೆಲ್ಲ ಬಂದರೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಕೊನೆಯವರೆಗೂ ಬಸ್ ಸ್ಟ್ಯಾಂಡಿನ ಹತ್ತಿರದ ದರ್ಜಿಯ ಹತ್ತಿರವೇ ಹೋದರು. ಚಾಚಿ ಅಜ್ಜಿಯೊಡನೆ ಮಾತು ಬಿಟ್ಟವರು ಮುಂದಿನ ರಂಜಾನ್ ವರೆಗೆ ಆಡಲಿಲ್ಲ. ಚಾಚಾಗೆ ಕಾಯಿಲೆ ನಿಂತಿತು, ಮಚ್ಚೆ ಮಾಸಿತು, ಆ ಒಂದು ಬೆರಳು ಮಾತ್ರ ಮರಗಟ್ಟಿಯೇ ಉಳಿಯಿತು.

ಅಜ್ಜಿ ತೀರಿಕೊಂಡಾಗ ನಾನು ಹೈಸ್ಕೂಲು ಮುಗಿಸುತ್ತಿದ್ದೆ. ನಮ್ಮಲ್ಲಿ ಶವಪೆಟ್ಟಿಗೆಯ ಒಳಗೆಲ್ಲ ಬಿಳಿ ಬಟ್ಟೆ ಹೊದಿಸಿ ಅಂಚಿಗೆ ನೆರಿಗೆ ಹಿಡಿಯುತ್ತಾರೆ. ಚಾಚಾ ಅದನ್ನು ಮೆಷಿನ್ನಿಗೆ ಕೊಡದೆ ಕೈಯಲ್ಲೇ ಹೊಲಿದರು. ಮುಗಿದ ಮೇಲೆ ಎಡಗೈಯ ಅಂಗುಸ್ತಾನ ತೆಗೆದು, "ಅಜ್ಜೀದು. ಅಜ್ಜಿ ಮನೇಲೇ ಇರ್ಲಿ ಬೇಟಿ," ಎಂದು ನನ್ನ ಕೈಗೆ ಕೊಟ್ಟರು. ತಮಗೆ ಬಜಾರಿನಿಂದ ಬೇರೆ ತಂದುಕೊಂಡರು.

ಮಣ್ಣು ಮಾಡಿ ಬಂದ ಸಂಜೆ ಅಪ್ಪ ಪ್ರಾರ್ಥನೆ ಮಾಡಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಅಭ್ಯಾಸ ಬಲದಿಂದ ಜಗಲಿಗಳಿಗೆ ಬಂದು ಕೂತಿದ್ದ ಜನ ಏಳಲಾರದೆ ಕೂತೇ ಇದ್ದರು. ಆಗ ಎದುರಿನಿಂದ ಒಂದು ಕೂಗು ಕೇಳಿಸಿತು. ಅದು ಯಾರ ದನಿಯೆಂದು ಮೊದಲು ಗೊತ್ತೇ ಆಗಲಿಲ್ಲ, ಅಷ್ಟು ಜೋರಾದ ದನಿ ಅವರಲ್ಲಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ಸಂಜೆಯ ನಮಾಜು ಮುಗಿಸಿದ ಗಫೂರ್ ಚಾಚಾ ಮೆಷಿನ್ನಿನ ಪಕ್ಕದಲ್ಲಿ ನಿಂತು, ಎರಡೂ ಅಂಗೈ ಮೇಲಕ್ಕೆ ತೆರೆದು ಹಿಡಿದು, ಬೀದಿ ಅದುರುವಂತೆ ಕನ್ನಡದಲ್ಲಿ ದುವಾ ಮಾಡುತ್ತಿದ್ದರು.

"ಯಾ ಅಲ್ಲಾ, ನಮ್ಮ ಎಸ್ತೇರಜ್ಜಿನ ನೋಡು. ಸಿದ್ದಪ್ಪೋರ ಮಂಡಿನೋವು ನೋಡು. ಪುಟ್ಟತಾಯಮ್ಮನ ಎಮ್ಮೆ ನೋಡು. ಕೋಟೆ ಬಾಗಿಲ ಅಗಸನ ಕಣ್ಣು ನೋಡು."

ಒಂದು ಮನೆಯನ್ನೂ ಬಿಡಲಿಲ್ಲ. ತಮ್ಮ ಹತ್ತಿರ ಮತ್ತೆಂದೂ ಬಾರದವರ ಹೆಸರನ್ನೂ ಬಿಡಲಿಲ್ಲ. ದನಿ ಒಡೆದು ಕೆಮ್ಮು ಬಂದಾಗ ನಾನು ಒಂದು ಚೆಂಬು ನೀರು ತೆಗೆದುಕೊಂಡು ಹೋದೆ. ಅವರು ಕುಡಿದು ಚೆಂಬು ವಾಪಸು ಕೊಡುವಾಗ, "ಯಾಕೆ ಚಾಚಾ, ಇಷ್ಟು ಜೋರಾಗಿ?" ಎಂದು ಕೇಳಿದೆ.

"ಅಜ್ಜಿಗೆ ಮೊದ್ಲೇ ಕಿವಿ ಮಂದ ಅಲ್ವಾ ಬೇಟಿ," ಎಂದರು, ಮತ್ತೆ ತಮ್ಮ ಹಳೆಯ ಮೆಲುದನಿಯಲ್ಲಿ. "ಈಗ ದೂರಾನೂ ಆಯ್ತು."